ನಲವತ್ತು ಗುಡ್ಲು

ನನ್ನ ಇಡೀ ಸರ್ವಿಸಿನಲ್ಲಿ ನಾನು ಟೈಪ್ ಮಾಡಿದ ವರದಿಗಳ ಪೈಕಿ ಸರ್ಕಾರ ಪೂರ್ತಿಯಾಗಿ ನಂಬಿದ್ದು ಒಂದನ್ನೇ. ಅದರಲ್ಲಿದ್ದ ಮುಖ್ಯ ಸಂಗತಿ ಶುದ್ಧ ತಪ್ಪು. ತಪ್ಪು ನನ್ನದು. ಈಗ ಬರೆದಿಡುತ್ತಿದ್ದೇನೆ, ಏಕೆಂದರೆ ನನ್ನನ್ನು ಬೈಯಬೇಕಾಗಿದ್ದವರೆಲ್ಲ ಒಬ್ಬೊಬ್ಬರಾಗಿ ಹೊರಟುಹೋದರು, ಬೈಸಿಕೊಳ್ಳುವ ಆಸೆ ಮಾತ್ರ ನನ್ನಲ್ಲಿ ಉಳಿದಿದೆ.

ಹಕ್ಕಿ ಸಂಶೋಧನೆಗೆ ಹೊಸದಾಗಿ ಸೇರಿದ ಮಕ್ಕಳು ಆಗಾಗ ನನ್ನನ್ನು ನೋಡಲು ಬರುತ್ತಾರೆ. ಬೆನ್ನಿಗೆ ಚೀಲ, ಕೈಯಲ್ಲಿ ಫೋನು. ಕಾಫಿ ಕುಡಿಯುತ್ತಾ, “ಆಂಟಿ, ಆವಾಗೆಲ್ಲ ಫೀಲ್ಡ್ ಡೇಟಾ ಹೇಗೆ ಬರ್ತಿತ್ತು?” ಎಂದು ಕೇಳುತ್ತಾರೆ. “ಪೋಸ್ಟಿನಲ್ಲಿ” ಎನ್ನುತ್ತೇನೆ. ಅವರು ಜೋಕ್ ಎಂದುಕೊಂಡು ನಗುತ್ತಾರೆ. ಜೋಕ್ ಅಲ್ಲ. ನಮ್ಮ ಡೇಟಾ ಹಳದಿ ಕಾರ್ಡಿನ ಮೇಲೆ ನೀಲಿ ಮಸಿಯಲ್ಲಿ, ಮುಳಬಾಗಿಲಿನಿಂದ ಕೋಲಾರಕ್ಕೆ ಬಸ್ಸಿನ ಟಪಾಲು ಚೀಲದಲ್ಲಿ ಕುಲುಕಾಡುತ್ತಾ ಬರುತ್ತಿತ್ತು. ಕೆಲವೊಮ್ಮೆ ದಾರಿಯಲ್ಲಿ ಅರ್ಥ ಬದಲಾಯಿಸಿಕೊಂಡೂ ಬರುತ್ತಿತ್ತು.

ನಾನು ಓದಿದ್ದು ಬೆಂಗಳೂರು ದಂಡಿನ ಒಂದು ಕಾನ್ವೆಂಟಿನಲ್ಲಿ. ಅಲ್ಲಿನ ಕಾರಿಡಾರಿನ ಗೋಡೆಯ ಮೇಲೆ ದಪ್ಪ ಅಕ್ಷರಗಳಲ್ಲಿ ‘ಸೈಲೆನ್ಸ್’ ಎಂದು ಬರೆದಿತ್ತು. ಇಂಗ್ಲಿಷಿಗೆ ಅದು ತರಗತಿಯ ಹೊತ್ತಿನಲ್ಲಿ ಮಾತ್ರ, ಕನ್ನಡಕ್ಕೆ ದಿನವಿಡೀ. ಹಾಗಾಗಿ ಜೂಆಲಜಿಯಲ್ಲಿ ಎಂ.ಎಸ್ಸಿ. ಮುಗಿಸಿ, ಎಪ್ಪತ್ತರ ದಶಕದ ಮಧ್ಯದಲ್ಲಿ ಕೋಲಾರಕ್ಕೆ ಬಂದು ಇಳಿದಾಗ ನನ್ನ ಕನ್ನಡ ಇಸ್ತ್ರಿ ಮಾಡಿದ ಯೂನಿಫಾರ್ಮಿನಂತಿತ್ತು. ಎಲ್ಲೂ ಸುಕ್ಕಿಲ್ಲ, ಹಾಗಾಗಿ ಎಲ್ಲೂ ಆರಾಮವಾಗಿ ಕೂರಲು ಬಾರದು.

ನಮ್ಮದು ಒಂದು ‘ಸ್ಕೀಮ್’. ಯಾವ ಹಕ್ಕಿ ರೈತನ ಬೆಳೆಯನ್ನು ಎಷ್ಟು ತಿನ್ನುತ್ತದೆ, ಎಷ್ಟು ಹುಳು ಹಿಡಿದು ಉಪಕಾರ ಮಾಡುತ್ತದೆ, ಕೆರೆಗಳಲ್ಲಿ ಯಾವುವು ಮರಿ ಮಾಡುತ್ತವೆ, ಅವನ್ನು ಉಳಿಸಿಕೊಳ್ಳಲು ಏನು ಮಾಡಬೇಕು, ಇವನ್ನೆಲ್ಲ ಕಂಡುಹಿಡಿಯುವುದು ನಮ್ಮ ಕೆಲಸ. ಆಫೀಸು ಎಂದರೆ ಮಹಡಿಯ ಮೇಲೆ ಎರಡು ಕೋಣೆ. ಕೆಳಗೆ ರೇಷ್ಮೆಗೂಡಿನ ವ್ಯಾಪಾರಿಯ ಅಂಗಡಿ. “ಗೂಡಿನ ಆಫೀಸು ಎಲ್ಲಿ?” ಎಂದು ಕೇಳಿಕೊಂಡು ಬಂದ ರೈತರು ಮಂಕರಿಗಟ್ಟಲೆ ರೇಷ್ಮೆಗೂಡನ್ನು ನಮ್ಮ ಮಹಡಿಗೆ ಹೊತ್ತು ತರುವರು. ಹಕ್ಕಿಗೂಡು ಕೈಯಲ್ಲಿ ಹಿಡಿದ ನಮ್ಮನ್ನು ನೋಡಿ ಮತ್ತೆ ಮೆಟ್ಟಿಲಿಳಿಯುವರು.

ನಮ್ಮ ಮೇಲಧಿಕಾರಿ ಡಾಕ್ಟರ್ ನಾಗಭೂಷಣ. ಕೊರಳಲ್ಲಿ ಸದಾ ಬೈನಾಕ್ಯುಲರ್. ಸ್ನಾನಕ್ಕೆ ಮಾತ್ರ ತೆಗೆಯುತ್ತಾರೆ ಎಂದು ಜವಾನ ಹೇಳುತ್ತಿದ್ದ. ಜ್ಞಾನಿ, ಪ್ರಾಮಾಣಿಕ, ಮೂಗಿನ ತುದಿಯಲ್ಲೇ ಕೋಪ. “ಸತ್ತ ಹಕ್ಕಿ ಸುಳ್ಳು ಹೇಳೋದಿಲ್ಲ” ಎನ್ನುವುದು ಅವರ ಆರಂಭದ ಸಿದ್ಧಾಂತ. ಆಗಿನ ಪದ್ಧತಿಯೇ ಹಾಗಿತ್ತು. ಹಕ್ಕಿಯನ್ನು ಹೊಡೆದು, ಹೊಟ್ಟೆ ಕೊಯ್ದು, ಒಳಗಿನ ಕಾಳೆಷ್ಟು ಹುಳುವೆಷ್ಟು ಎಂದು ಎಣಿಸುವುದು. ಮೊದಲ ವರ್ಷ ನಾನು ಎಣಿಸಿದೆ. ಎರಡನೆಯ ವರ್ಷ, ಕೂತು ನೋಡುವ ಪದ್ಧತಿ ಬಂತು. ಗೂಡಿನ ಎದುರು ಮರೆ ಕಟ್ಟಿಕೊಂಡು, ತಾಯಿ ಕೊಕ್ಕಿನಲ್ಲಿ ಏನು ತಂದಳು ಎಂದು ಬರೆದುಕೊಳ್ಳುವುದು. ಬೆನ್ನು ಬಿದ್ದುಹೋಗುತ್ತಿತ್ತು, ಆದರೆ ರಾತ್ರಿ ಊಟ ಸೇರುತ್ತಿತ್ತು.

ಗೂಬೆಗಳ ಕೆಲಸ ಬೇರೆ. ಗೂಬೆ ಇಲಿಯನ್ನು ನುಂಗಿ, ಅರಗದ ಮೂಳೆ ಕೂದಲನ್ನು ಉಂಡೆ ಮಾಡಿ ಕಕ್ಕುತ್ತದೆ. ಆ ಉಂಡೆ ಒಣಗಿಸಿ ಬಿಡಿಸಿದರೆ ಇಲಿಯ ತಲೆಬುರುಡೆ ಸಿಗುತ್ತದೆ, ಗೂಬೆ ರೈತನ ಮಿತ್ರ ಎಂದು ಸಾಬೀತಾಗುತ್ತದೆ. ನಾನು ಬಾಡಿಗೆಗಿದ್ದ ಮನೆಯ ಒಡತಿ ಲಕ್ಷ್ಮೀದೇವಮ್ಮನವರು ತಾರಸಿಯ ಮೇಲೆ ಸಂಡಿಗೆ ಹಾಕಿದ್ದರು. ಪಕ್ಕದಲ್ಲಿ ಬಿಸಿಲು ವೇಸ್ಟ್ ಆಗುತ್ತಿದೆಯಲ್ಲ ಎಂದು ನಾನು ಪೇಪರ್ ಹಾಸಿ ನನ್ನ ಉಂಡೆಗಳನ್ನು ಸಾಲಾಗಿ ಇಟ್ಟೆ. ಸಂಜೆ ಅವರ ತಮ್ಮ ಒಂದನ್ನು ಕೈಗೆತ್ತಿಕೊಂಡು ಮೂಸಿ ನೋಡುತ್ತಿದ್ದರು.

“ಏನಕ್ಕ, ಇದಕ್ಕೆ ಎಳ್ಳು ಜಾಸ್ತಿ ಹಾಕಿದೀಯ?”

“ನಾನೆಲ್ಲಿ ಎಳ್ಳು ಹಾಕ್ದೆ? ಅದು ಆ ಹುಡುಗಿದು. ಏನಮ್ಮ ಅದು?”

ಕಾನ್ವೆಂಟಿನಲ್ಲಿ ನಮಗೆ ನಿಜ ಹೇಳುವುದನ್ನು ಕಲಿಸಿದ್ದರು, ಯಾವಾಗ ಹೇಳಬೇಕು ಎಂದು ಕಲಿಸಿರಲಿಲ್ಲ. “ಗೂಬೆ ಕಕ್ಕಿದ್ದು” ಎಂದೆ. ಆ ವರ್ಷದ ಸಂಡಿಗೆಯೆಲ್ಲ ತಿಪ್ಪೆಗೆ ಹೋಯಿತು. ತಾರಸಿಯನ್ನು ಸಗಣಿ ನೀರಿನಿಂದ ಮೂರು ಸಲ ತೊಳೆಸಿದರು. ಕೋಲಾರದ ಆ ಬೀದಿಯಲ್ಲಿ ನಾನು ಕೊನೆಯವರೆಗೂ ‘ಗೂಬೆ ಮೇಡಂ’ ಆಗಿ ಉಳಿದೆ.

ಹೀಗೆಲ್ಲ ಆದ ಮೇಲೆ, ಜನರ ಮಾತು ಕಲಿಯದೆ ಉಳಿಗಾಲವಿಲ್ಲ ಎಂದು ನಿರ್ಧರಿಸಿ ಒಂದು ಪದಗಳ ನೋಟ್‌ಬುಕ್ ಇಟ್ಟೆ. ಹಳ್ಳಿಯಲ್ಲಿ ಕೇಳಿದ ಹೊಸ ಮಾತು ಎಡಗಡೆ, ಇಂಗ್ಲಿಷಿನ ಅರ್ಥ ಬಲಗಡೆ. ಮಾಲೂರಿನ ಲಕ್ಕೂರು ಕಡೆ ರಾಗಿ ಹೊಲದಲ್ಲಿ ಗೀಜಗಗಳನ್ನು ನೋಡುತ್ತಾ ಕೂತಿದ್ದಾಗ ಅದಕ್ಕೊಂದು ಮುಖ್ಯವಾದ ಪದ ಸಿಕ್ಕಿತು. ಹೊಲದ ಯಜಮಾನರಿಗೆ ನಾನು ಬಹಳ ಸಿನ್ಸಿಯರ್ ಆಗಿ, ಗೀಜಗ ತನ್ನ ಮರಿಗೆ ಕಾಳು ಕೊಡುವುದಿಲ್ಲ, ಹುಳು ತಂದು ಕೊಡುತ್ತದೆ, ಹಾಗಾಗಿ ಅದು ನಿಮಗೆ ಉಪಕಾರಿ ಎಂದು ವಿವರಿಸಿದೆ. ಅವರು ಎಲೆಅಡಿಕೆ ಉಗಿದು ಬಂದು ಹೇಳಿದರು: “ಹಂಗಾದ್ರೆ ಒಂದ್ಕೆಲ್ಸ ಮಾಡಿ ತಾಯಿ. ಮರಿಗಳು ಇಲ್ಲೇ ಇರ್ಲಿ. ಅಪ್ಪ ಅಮ್ಮನ್ನ ಮಾತ್ರ ನಿಮ್ಮ ಆಫೀಸ್‌ಗೆ ಕರ್ಕೊಂಡೋಗಿ.”

ಮಾತು ಬದಲಾಯಿಸಲು, ಹೊಲದ ಮೂಲೆಯಲ್ಲಿದ್ದ ಹುಲ್ಲಿನ ಸೂರು ತೋರಿಸಿ ಅದೇನೆಂದು ಕೇಳಿದೆ.

“ಗುಡ್ಲು ಅಲ್ವಾ. ಕಾವಲಿಗೆ ಹಾಕಿರೋದು.”

ನೋಟ್‌ಬುಕ್ ತೆಗೆದು ಬರೆದುಕೊಂಡೆ. ಎಡಗಡೆ ‘ಗುಡ್ಲು’. ಬಲಗಡೆ ‘ಹಟ್’. ಗುಡಿಸಲು ಸವೆದು ಗುಡ್ಲು ಆಗಿದೆ ಎಂದು ಕಂಡುಕೊಂಡಾಗ ಹೊಸ ಹಕ್ಕಿ ನೋಡಿದಷ್ಟು ಸಂತೋಷವಾಯಿತು. ಕೆಳಗೆ ಎರಡು ಗೆರೆ ಬೇರೆ ಎಳೆದೆ. ಆ ಎರಡು ಗೆರೆಗಳ ಬಗ್ಗೆ ಈಗಲೂ ನಾಚಿಕೆಯಾಗುತ್ತದೆ.

ಇನ್ನು ವೆಂಕಟರವಣಪ್ಪ. ಮುಳಬಾಗಿಲು ತಾಲ್ಲೂಕಿನಲ್ಲಿ, ಆವನಿಯಿಂದ ಇನ್ನೂ ಮುಂದೆ, ಆಂಧ್ರದ ಕಡೆಗೆ ಒಂದು ಕೆರೆ. ಕೆರೆಯ ಅಂಗಳದಲ್ಲಿ ಜಾಲಿ ಮರಗಳ ತೋಪು. ಮಳೆ ಚೆನ್ನಾದ ವರ್ಷ ಆ ಮರಗಳ ಮೇಲೆ ಬೆಳ್ಳಕ್ಕಿಗಳು ಗೂಡು ಕಟ್ಟುತ್ತಿದ್ದವು. ಅಲ್ಲಿನ ಐವತ್ತು ದಾಟಿದ ರೈತ ವೆಂಕಟರವಣಪ್ಪ ನಮ್ಮ ಸ್ಕೀಮಿನ ಪಕ್ಷಿವೀಕ್ಷಕರು. ಕೆರೆ ನೋಡಿ, ವಾರಕ್ಕೊಂದು ಕಾರ್ಡು ಬರೆಯುವುದು ಅವರ ಕೆಲಸ. ಮನೆಮಾತು ತೆಲುಗು, ಶಾಲೆಯಲ್ಲಿ ಕಲಿತದ್ದು ಕನ್ನಡ. ಸಮಾಧಾನವಾಗಿದ್ದಾಗ ಕನ್ನಡದಲ್ಲಿ ಬರೆಯುವರು, ಖುಷಿಯಾದರೆ ಅಕ್ಷರ ಕನ್ನಡದ್ದೇ ಇದ್ದರೂ ಮಾತು ಗಡಿ ದಾಟಿಬಿಡುತ್ತಿತ್ತು. ಈ ಸೂತ್ರ ನನಗೆ ಗೊತ್ತಾದದ್ದು ತಡವಾಗಿ.

ಮೊದಲು ಬಿದ್ದದ್ದು ನಮ್ಮ ಡಾಕ್ಟರು. ಒಂದು ಚಳಿಗಾಲ ಕಾರ್ಡು ಬಂತು: ‘ತೂಬಿನ ತಾವ ಇಪ್ಪತ್ತು ಪಿಟ್ಟ ಕಂಡೆ. ಬಹಳ ಚೆಂದ.’ ಹಕ್ಕಿ ಓದಿದವರಿಗೆ ಪಿಟ್ಟ ಎಂದರೆ ನಮ್ಮ ನವರಂಗ, ಒಂಬತ್ತು ಬಣ್ಣದ ನಾಚಿಕೆಯ ಹಕ್ಕಿ. ಒಂಟಿಯಾಗಿ ಪೊದೆಯೊಳಗೆ ಓಡಾಡುವ ಅದನ್ನು ಒಂದು ಕಂಡರೆ ಆ ವಾರ ಹಬ್ಬ. ಇಪ್ಪತ್ತು ಒಟ್ಟಿಗೆ ಎಂದರೆ ಪ್ರಪಂಚದ ಸುದ್ದಿ. ಡಾಕ್ಟರು ಕ್ಯಾಮೆರಾ, ಟೆಲಿಸ್ಕೋಪು, ನನ್ನನ್ನು, ಎಲ್ಲವನ್ನೂ ಜೀಪಿಗೆ ತುಂಬಿ ಬೆಳಗಿನ ಜಾವಕ್ಕೇ ಹೊರಟರು. ದಾರಿಯಲ್ಲೇ ಪ್ರಬಂಧದ ಮೊದಲ ಪ್ಯಾರಾ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ರಚಿಸಿದರು.

ಕೆರೆಯ ಏರಿಯ ಮೇಲೆ ವೆಂಕಟರವಣಪ್ಪ ಕೈಮುಗಿದು ನಿಂತಿದ್ದರು.

“ಎಲ್ಲಿ ಪಿಟ್ಟ?” ಎಂದರು ಡಾಕ್ಟರು, ಪಿಸುಮಾತಿನಲ್ಲಿ.

“ಅಗೋ ಸಾರ್, ತೂಬಿನ ಮ್ಯಾಲೆ.”

ತೂಬಿನ ಮೇಲೆ ಗೊರವಂಕಗಳು ಜಗಳವಾಡುತ್ತಿದ್ದವು. ನಮ್ಮ ಆಫೀಸಿನ ಕಿಟಕಿಯಲ್ಲಿ ದಿನವೂ ಕಾಣುವ ಗೊರವಂಕ.

“ಇದು ಪಿಟ್ಟಾನಾ?”

“ಪಿಟ್ಟ ಅಲ್ದೆ ಇನ್ನೇನು ಸಾರ್? ನಾಯಿ ಅಂತೀರಾ?”

ತೆಲುಗಿನಲ್ಲಿ ಪಿಟ್ಟ ಎಂದರೆ ಬರೀ ಹಕ್ಕಿ. ಸಾಕ್ಷಾತ್ ಆ ನವರಂಗಕ್ಕೂ ಲ್ಯಾಟಿನ್ ಹೆಸರು ಬಂದದ್ದು ಇದೇ ಮಾತಿನಿಂದ, ಇದು ಡಾಕ್ಟರಿಗೂ ಗೊತ್ತಿತ್ತು. ವಾಪಸ್ ಬರುವಾಗ ನರಸಾಪುರ ದಾಟುವವರೆಗೂ, ಅಂದರೆ ಕೋಲಾರದ ತಿರುವು ತಪ್ಪಿ ಮುಂದೆ ಹೋಗಿದ್ದೇವೆ ಎಂದು ಡ್ರೈವರ್ ಧೈರ್ಯ ಮಾಡಿ ಹೇಳುವವರೆಗೂ, ಅವರು ಬಾಯಿ ಬಿಡಲಿಲ್ಲ. ನಾನು ಕಿಟಕಿಯ ಕಡೆ ತಿರುಗಿ ಸೆರಗು ಕಚ್ಚಿಕೊಂಡಿದ್ದೆ. ಮರುದಿನ ಆದೇಶ ಹೊರಟಿತು: ಇನ್ನು ಮುಂದೆ ವೆಂಕಟರವಣಪ್ಪನ ಕಾರ್ಡುಗಳನ್ನು ಮಿಸ್ ಓದಿ, ಅರ್ಥ ಮಾಡಿಕೊಂಡು, ಇಂಗ್ಲಿಷಿನಲ್ಲಿ ಟೈಪ್ ಮಾಡಿಕೊಡತಕ್ಕದ್ದು. ಮಿಸ್ ಎಂದರೆ ನಾನು. ಪಿಟ್ಟದ ಕಥೆಯನ್ನು ಯಾರಿಗೂ ಹೇಳಕೂಡದು ಎಂಬ ಇನ್ನೊಂದು ಆದೇಶ ಬಾಯಿಮಾತಿನದು. ಅದನ್ನು ನಾನು ಪಾಲಿಸಲಿಲ್ಲ.

ಎರಡು ವರ್ಷ ಎಲ್ಲ ಸುಸೂತ್ರ. ಶ್ರೀನಿವಾಸಪುರದ ಮಾವಿನ ತೋಪುಗಳಲ್ಲಿ ಗಿಳಿ ಕಚ್ಚಿದ ಹಣ್ಣು ಎಣಿಸುವ ಕೆಲಸವೂ ಆಗ ನನ್ನದೇ. ಗಿಳಿ ಕಚ್ಚಿದ ಹಣ್ಣೇ ರುಚಿ ಎಂದು ತೋಪಿನವರು ಹೇಳಿದರು. ಪರೀಕ್ಷಿಸಿದೆ. ಆ ಬೇಸಿಗೆಯ ಡೇಟಾದಲ್ಲಿ ಸ್ವಲ್ಪ ಭಾಗವನ್ನು ನಾನೇ ತಿಂದಿದ್ದೇನೆ ಎಂದು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಆಮೇಲೆ ಒಂದು ವರ್ಷ ದೀಪಾವಳಿಯ ಮಳೆ ಜೋರಾಗಿ ಬಂತು. ವೆಂಕಟರವಣಪ್ಪನ ಕೆರೆ ತುಂಬಿತು. ಧನುರ್ಮಾಸದಲ್ಲಿ ಈ ಕಾರ್ಡು ಬಂತು:

‘ಕೆರೆ ಅಂಗಳದಾಗೆ ಜಾಲಿ ಮರಗಳ ತಾವ ನಲವತ್ತು ಗುಡ್ಲು ಆಗಿದೆ. ಇನ್ನೂ ಜಾಸ್ತಿ ಆಗ್ತದೆ. ಕಾವಲಿಗೆ ಜನ ಬೇಕು. ತಾವು ಬೇಗ ಬರಬೇಕು.’

ಪಿಟ್ಟದ ಪಾಠ ಮರೆತಿರಲಿಲ್ಲ. ಗೊತ್ತಿಲ್ಲದ ಪದ ಇದ್ದಿದ್ದರೆ ಖಂಡಿತ ಅನುಮಾನ ಪಡುತ್ತಿದ್ದೆ. ಆದರೆ ಗುಡ್ಲು ನನಗೆ ಗೊತ್ತಿದ್ದ ಪದ. ನೋಟ್‌ಬುಕ್ಕಿನಲ್ಲಿತ್ತು, ಕೆಳಗೆ ಎರಡು ಗೆರೆ ಸಹಿತ. ಕಾವಲು ಎಂಬ ಮಾತೂ ಪಕ್ಕದಲ್ಲೇ ಇತ್ತು, ಲಕ್ಕೂರಿನಲ್ಲಿ ಕೇಳಿದ ಹಾಗೆಯೇ. ಕೆರೆಯ ಅಂಗಳದಲ್ಲಿ ಯಾರೋ ನಲವತ್ತು ಗುಡಿಸಲು ಹಾಕಿಕೊಂಡಿದ್ದಾರೆ, ಇನ್ನೂ ಹಾಕಲಿದ್ದಾರೆ ಎಂದು ನೀಟಾಗಿ ಟೈಪ್ ಮಾಡಿ ಡಾಕ್ಟರ ಮೇಜಿನ ಮೇಲಿಟ್ಟೆ. ಅವರು ಓದಿ ಕೆಂಪಾದರು. ಗೂಡು ಕಟ್ಟುವ ಕಾಲದಲ್ಲಿ ಜನ ನುಗ್ಗಿದರೆ ಹಕ್ಕಿಗಳು ಮೊಟ್ಟೆ ಬಿಟ್ಟು ಎದ್ದುಹೋಗುತ್ತವೆ. ಅರ್ಧ ಗಂಟೆಯಲ್ಲಿ ಒಂದು ಉರಿಯುವ ಪತ್ರ ತಯಾರಾಯಿತು. ಕೆರೆ ಅಂಗಳದ ಒತ್ತುವರಿ, ನಲವತ್ತು ಗುಡಿಸಲು, ತಕ್ಷಣ ಕ್ರಮ. ಅದು ಸಂಬಂಧಪಟ್ಟ ಕಚೇರಿಗೆ ಹೋಯಿತು. ಯಾವ ಕಚೇರಿ ಎಂದು ಬರೆಯುವುದಿಲ್ಲ. ಅಲ್ಲಿನವರು ನನಗೆ ಉಪಕಾರ ಮಾಡಿದವರು.

ಹದಿನೈದು ದಿನ ಬಿಟ್ಟು ನಾನು ಆ ಕೆರೆಗೆ ಹೋದೆ. ಆವನಿಯ ಬಸ್ಸಿಳಿದು ನಡೆಯುವಾಗ, ಆ ನಲವತ್ತು ಮನೆಯವರಿಗೆ ಏನು ಹೇಳುವುದು ಎಂದು ಮನಸ್ಸಿನಲ್ಲಿ ಒಂದು ಭಾಷಣ ಸಿದ್ಧವಾಗುತ್ತಿತ್ತು. ಏರಿ ಹತ್ತಿ ನೋಡಿದರೆ ಒಂದು ಸೂರೂ ಇಲ್ಲ. ನೀರು ಹಿಂದೆ ಸರಿದಿದೆ, ಜಾಲಿ ಮರಗಳ ತುಂಬ ಬೆಳ್ಳಗೆ ಹಕ್ಕಿ, ಮರವೇ ಹೂಬಿಟ್ಟಂತೆ.

“ವೆಂಕಟರವಣಪ್ಪನವರೇ, ಗುಡ್ಲು ಎಲ್ಲಿ?”

“ಬನ್ನಿ ಮೇಡಮ್ಮ, ತೋರಿಸ್ತೀನಿ” ಎಂದು ಅವರು ಬಿದಿರಿನ ಗಳವೊಂದನ್ನು ಎತ್ತಿಕೊಂಡರು. ತುದಿಗೆ ಅವರ ಹೆಂಡತಿಯ ಮುಖ ನೋಡುವ ಕನ್ನಡಿ ಕಟ್ಟಿತ್ತು. ಮರ ಹತ್ತಿ ಹಕ್ಕಿಯನ್ನು ಎಬ್ಬಿಸದೆ ಗೂಡಿನೊಳಗೆ ನೋಡಲು ನಾವು ಕಲಿಸಿದ್ದ ಉಪಾಯ. ಗಿಡ್ಡ ಮರವೊಂದರ ಗೂಡಿನ ಮೇಲೆ ಕನ್ನಡಿ ಹಿಡಿದರು. ಅದರಲ್ಲಿ ಮೂರು ಮೊಟ್ಟೆ, ತಿಳಿನೀಲಿ ಹಸಿರು.

“ಇದರಾಗೆ ಮೂರು. ಆ ಕಡೆ ನಾಕು. ಕೈಗೆಟುಕೋ ಮರಗಳಾಗೆ ಒಟ್ಟು ನಲವತ್ತು. ಕಾಗೆ ಕಾಟ ಜಾಸ್ತಿ, ಅದಕ್ಕೇ ಕಾವಲು ಕೇಳಿದ್ದು.”

“ಇದು ಮೊಟ್ಟೆ ಅಲ್ವಾ?”

“ಅದೇ. ಗುಡ್ಲು.”

ತೆಲುಗಿನಲ್ಲಿ ಗುಡ್ಡು ಎಂದರೆ ಮೊಟ್ಟೆ. ಬಹಳ ಇದ್ದರೆ ಗುಡ್ಲು. ನನ್ನ ಮುಖ ಏನಾಗಿತ್ತೋ, ಅವರು ಗಳ ಕೆಳಗಿಟ್ಟು, “ಯಾಕಮ್ಮ, ಬಿಸಿಲು ಹೊಡೀತಾ?” ಎಂದರು. ನಡೆದದ್ದನ್ನು ಹೇಳಿದೆ. ಅವರು ನಗು ತಡೆಯಲಾಗದೆ ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡು ಕುಕ್ಕರಗಾಲಿನಲ್ಲಿ ಕೂತುಬಿಟ್ಟರು. ನಗು ಮುಗಿದ ಮೇಲೆ ಒಂದು ಮರದ ಹತ್ತಿರ ಕರೆದೊಯ್ದು ಬುಡ ತೋರಿಸಿದರು. ಸುತ್ತ ಸುಣ್ಣದ ಬಳೆಯಂಥ ಗುರುತು. ಪಕ್ಕದ ಮರಕ್ಕೂ ಇತ್ತು. ಎಲ್ಲ ಮರಕ್ಕೂ ಇತ್ತು.

“ಮರ ಹರಾಜಂತೆ. ಸಂಕ್ರಾಂತಿ ಆದ್ಮೇಲೆ. ಕಂಟ್ರಾಕ್ಟರ್ ಕಡೆಯೋರು ಬಂದು ಗುರ್ತು ಹಾಕ್ಕೊಂಡೋದ್ರು. ಸೌದೆಗೆ.”

ಸಂಕ್ರಾಂತಿಗೆ ಎರಡು ವಾರವೂ ಇರಲಿಲ್ಲ. ಮೊಟ್ಟೆ ಒಡೆಯುವುದೇ ಆ ಹೊತ್ತಿಗೆ. ಮರಿಗೆ ರೆಕ್ಕೆ ಬಲಿತು ಹಾರಬೇಕಾದರೆ ಶಿವರಾತ್ರಿ ಬರಬೇಕು. ನಡುವೆ ಕೊಡಲಿ ಬಿದ್ದರೆ ಒಂದು ಮರಿಯೂ ಉಳಿಯುವುದಿಲ್ಲ.

ಅಂದು ರಾತ್ರಿ ಎರಡು ಪತ್ರ ಬರೆದೆ. ಒಂದು, ಗೂಡುಗಳಿವೆ, ಹರಾಜನ್ನು ಶಿವರಾತ್ರಿಯವರೆಗೆ ಮುಂದೂಡಿ ಎಂಬ ಬೇಡಿಕೆ. ಇನ್ನೊಂದು, ಗುಡಿಸಲುಗಳಿಲ್ಲ, ತಪ್ಪಾಯಿತು ಎಂಬ ತಿದ್ದುಪಡಿ. ಎರಡನ್ನೂ ಕೈಚೀಲದಲ್ಲಿಟ್ಟುಕೊಂಡು ಮರುದಿನ ಆ ಕಚೇರಿಗೆ ಹೋದೆ. ಗುಮಾಸ್ತರು ವಯಸ್ಸಾದವರು, ಸಂಭಾವಿತರು. ಮೊದಲ ಪತ್ರವನ್ನು ಎರಡು ಸಲ ಓದಿದರು.

“ಹಕ್ಕಿ ಗೂಡು ಅಂತ ಹರಾಜು ನಿಲ್ಸೋಕೆ ನಮ್ಮಲ್ಲಿ ದಾರಿ ಇಲ್ಲಮ್ಮ. ಯಾವ ಕಾಲಂನಲ್ಲಿ ಬರೀಲಿ?”

“ಮರಿಗಳು ಸತ್ತುಹೋಗ್ತವೆ ಸರ್.”

“ನನಗೂ ಸಂಕಟಾನೇ. ಆದ್ರೆ ಸಂಕಟಕ್ಕೂ ಕಾಲಂ ಇಲ್ಲ.” ಅವರು ಪತ್ರ ಮಡಿಸಿ ವಾಪಸ್ ಕೊಟ್ಟರು. ಆಮೇಲೆ ಕನ್ನಡಕದ ಮೇಲಿಂದ ನೋಡಿದರು. “ಆದ್ರೆ ನೀವ್ಯಾಕೆ ಒದ್ದಾಡ್ತೀರಿ? ಹರಾಜು ಹೇಗೂ ನಡೆಯಲ್ವಲ್ಲ. ನಿಮ್ಮ ಆಫೀಸಿನೋರೇ ಬರ್ದಿದೀರಿ, ನಲವತ್ತು ಗುಡಿಸಲು ಅಂತ. ಒತ್ತುವರಿ ಫೈಲು ಓಪನ್ ಆಗಿದೆ. ಅದು ಇತ್ಯರ್ಥ ಆಗೋವರೆಗೆ ಆ ಜಾಗದಲ್ಲಿ ಒಂದು ಕಡ್ಡಿ ಅಲ್ಲಾಡಿಸೋ ಹಾಗಿಲ್ಲ.”

ಎರಡನೆಯ ಪತ್ರ ತೆಗೆಯಲು ಕೈಚೀಲದ ಗುಂಡಿಯ ಮೇಲೆ ಬೆರಳಿಟ್ಟಿದ್ದೆ. ಬೆರಳು ಅಲ್ಲೇ ನಿಂತಿತು.

“ಇನ್ನೇನಾದ್ರೂ ಇತ್ತಾ?” ಎಂದರು.

ನಮ್ಮ ಕಾನ್ವೆಂಟಿನಲ್ಲಿ ಸುಳ್ಳು ಹೇಳುವುದು ಸಿನ್. ಸುಮ್ಮನಿರುವುದರ ಬಗ್ಗೆ ಸಿಸ್ಟರುಗಳು ಏನು ಹೇಳಿದ್ದರು ಎಂದು ಜ್ಞಾಪಿಸಿಕೊಳ್ಳಲು ಪ್ರಯತ್ನಪಟ್ಟೆ. ಜ್ಞಾಪಕಕ್ಕೆ ಬಂದದ್ದು ಕಾರಿಡಾರಿನ ಗೋಡೆ, ಅದರ ಮೇಲೆ ದಪ್ಪ ಅಕ್ಷರ. ಹನ್ನೊಂದು ವರ್ಷ ಆ ಗೋಡೆಯ ಪಕ್ಕ ನಡೆದದ್ದು ಅಂದು ಉಪಯೋಗಕ್ಕೆ ಬಂತು.

“ಏನಿಲ್ಲ ಸರ್” ಎಂದೆ. ಸೂಕ್ಷ್ಮವಾಗಿ ನೋಡಿದರೆ ಅದೂ ಒಂದು ಸುಳ್ಳೇ.

ಸಂಕ್ರಾಂತಿ ಕಳೆಯಿತು. ಮೊಟ್ಟೆಗಳು ಒಡೆದವು. ಮರಗಳ ಮೇಲೆ ಇಡೀ ದಿನ ಕಿರುಚಾಟ. ಡಾಕ್ಟರು ಪ್ರತಿ ವಾರ, “ಆ ಗುಡಿಸಲು ಜನ ಎದ್ದರಾ?” ಎಂದು ಕೇಳುವರು. “ಕ್ರಮ ನಡೀತಿದೆ ಸರ್” ಎನ್ನುವೆ. ರಾತ್ರಿ ನಿದ್ದೆ ಬರುತ್ತಿರಲಿಲ್ಲ. ನನಗೆ ತಿಳಿದೂ ಒಂದು ಸುಳ್ಳು ಅಂಕಿ ಸರ್ಕಾರದ ಕಾಗದದ ಮೇಲೆ ಕೂತಿತ್ತು. ತಪ್ಪು ಅಂಕಿಯೊಂದಿಗೆ ಒಂದು ದಿನವೂ ಇರಬಾರದು ಎಂದು ಕಲಿಸಿದವರ ಎದುರೇ ದಿನವೂ ಕೂತು ಕಾಫಿ ಕುಡಿಯುತ್ತಿದ್ದೆ.

ಆಗ ಸುದ್ದಿ ಬಂತು. ಸ್ಥಳ ತನಿಖೆಗೆ ರೆವಿನ್ಯೂ ಇನ್‌ಸ್ಪೆಕ್ಟರ್ ಬರುತ್ತಾರೆ, ನಮ್ಮ ಆಫೀಸಿನವರೂ ಹಾಜರಿರಬೇಕು. ಮರಿಗಳಿಗೆ ಆಗಿನ್ನೂ ಎರಡು ವಾರವಷ್ಟೇ ತುಂಬಿತ್ತು. ಇನ್‌ಸ್ಪೆಕ್ಟರ್ ಕಣ್ಣಾರೆ ನೋಡಿ ‘ಗುಡಿಸಲು ಇಲ್ಲ’ ಎಂದು ಒಂದು ಸಾಲು ಬರೆದರೆ ಫೈಲು ಮುಚ್ಚುತ್ತದೆ, ಅದೇ ವಾರ ಹರಾಜು.

ಹೋದೆ. ಇನ್‌ಸ್ಪೆಕ್ಟರ್ ದಪ್ಪ ಮೀಸೆಯವರು, ಮಾತು ಕಡಿಮೆ. ಸೈಕಲ್ಲನ್ನು ಜಾಲಿ ಮರಕ್ಕೇ ಒರಗಿಸಿ, ಅದರ ಕ್ಯಾರಿಯರ್ ಮೇಲೆ ರಿಜಿಸ್ಟರ್ ಬಿಚ್ಚಿದರು. ತಲೆಯ ಮೇಲೆ ಮರಿಗಳ ಗದ್ದಲ ಎಷ್ಟಿತ್ತೆಂದರೆ ಮಾತು ಕೇಳಿಸಲು ಗ್ರಾಮದೇವತೆಯ ಹೆಸರು ಕೂಗುವಷ್ಟು ಗಟ್ಟಿ ದನಿ ಬೇಕಿತ್ತು. ಅವರು ಒಂದು ಸಲವೂ ತಲೆ ಎತ್ತಿ ನೋಡಲಿಲ್ಲ.

ನಾನು ಬಾಯಿ ತೆರೆಯುವ ಮೊದಲೇ ಅವರು ವೆಂಕಟರವಣಪ್ಪನನ್ನು ಕೇಳಿದರು: “ಏನಯ್ಯ, ಇಲ್ಲಿ ನಲವತ್ತು ಗುಡ್ಲು ಇತ್ತಂತೆ. ನಿಜಾನಾ?”

“ನಿಜ ಸಾಮಿ. ನಾನೇ ಎಣಿಸಿದ್ದು.”

“ಈಗೆಲ್ಲಿ?”

“ಒಡೆದೋದ್ವು ಸಾಮಿ.”

“ಯಾರು ಒಡೆದಿದ್ದು?”

“ಒಳಗಿದ್ದೋರೇ ಒಡ್ಕೊಂಡು ಆಚೆಗೆ ಬಂದ್ರು.”

“ಯಾರಾದ್ರೂ ಬಲವಂತ ಮಾಡಿದ್ರಾ?”

“ಇಲ್ಲ ಸಾಮಿ. ಟೈಮ್ ಆಯ್ತು, ಬಂದ್ರು.”

ಇನ್‌ಸ್ಪೆಕ್ಟರ್ ಬರೆದುಕೊಂಡರು. ನಾನು ಕೆರೆಯ ಕಡೆ ನೋಡಿದೆ.

“ಈಗ ಎಲ್ಲವ್ರೆ?”

“ಇಲ್ಲೇ ಅವ್ರೆ. ಇನ್ನೂ ಎಳೇವು, ದೂರ ಹೋಗಕ್ಕಾಗಲ್ಲ. ಅಪ್ಪ ಅಮ್ಮ ಮೀನು ತರಕ್ಕೆ ಹೋಗವ್ರೆ.”

“ಕಸುಬು?”

“ಮೀನು ಹಿಡಿಯೋದು ಸಾಮಿ. ಹೊಲ ಉಳೋವಾಗ ನೇಗಿಲ ಹಿಂದೇನೂ ಬತ್ತಾರೆ.”

“ಕೂಲಿ” ಎಂದು ಗಟ್ಟಿಯಾಗಿ ಹೇಳಿಕೊಂಡು ಬರೆದರು. “ಗಲಾಟೆ ಮಾಡೋ ಜನಾನಾ?”

“ಗಲಾಟೆ ಐತೆ ಸಾಮಿ. ಕೇಳುಸ್ತಾ ಐತಲ್ಲ.”

“ಯಾವಾಗ ಖಾಲಿ ಮಾಡ್ತಾರೆ?”

“ಶಿವರಾತ್ರಿಗೆ ಗ್ಯಾರಂಟಿ. ಆಮೇಲೆ ಒಬ್ರೂ ಇರಲ್ಲ.”

ಆಗ ಮೇಲಿನಿಂದ ಒಂದು ಬಿಳಿ ಹನಿ ಬಂದು ಸರಿಯಾಗಿ ರಿಜಿಸ್ಟರಿನ ಹಾಳೆಯ ಮೇಲೆ ಬಿತ್ತು. ಇನ್‌ಸ್ಪೆಕ್ಟರ್ ಕರ್ಚೀಫ್ ತೆಗೆದು, ಮಗುವಿನ ಮೂಗು ಒರೆಸಿದಷ್ಟು ನಿಧಾನವಾಗಿ ಅದನ್ನು ಒರೆಸಿದರು. ಬರೆದದ್ದನ್ನು ಓದಿ ಹೇಳಿದರು: ‘ಸ್ಥಳದಲ್ಲಿದ್ದ ನಲವತ್ತನ್ನೂ ನಿವಾಸಿಗಳು ತಾವಾಗಿಯೇ ಒಡೆದಿರುತ್ತಾರೆ. ನಿವಾಸಿಗಳು ಇನ್ನೂ ಸ್ಥಳದಲ್ಲಿಯೇ ಇರುತ್ತಾರೆ. ಎಳೆಯ ಮಕ್ಕಳಿರುವುದರಿಂದ ಶಿವರಾತ್ರಿಯವರೆಗೆ ಕಾಲಾವಕಾಶ ಕೊಡಬಹುದು.’ ನನ್ನ ಕಡೆ ಪೆನ್ನು ಚಾಚಿದರು. “ಸಾಕ್ಷಿ ಸಹಿ ಹಾಕಿ ಮೇಡಂ. ತಪ್ಪು ಏನಾದ್ರೂ ಇದ್ರೆ ಹೇಳಿ.”

ಪ್ರತಿ ಪದವನ್ನೂ ಮತ್ತೆ ಓದಿದೆ. ಒಂದೂ ಸುಳ್ಳಲ್ಲ. ಸಹಿ ಹಾಕಿದೆ.

ಸೈಕಲ್ ಏರುವಾಗ ಅವರು ಮೊದಲ ಸಲ ತಲೆ ಎತ್ತಿ ಮರದ ತುಂಬ ನೋಡಿದರು. ಮೀಸೆಯ ಕೆಳಗೆ ಏನೋ ಅಲುಗಿತು. “ಉಂಡನೀಲೇಮ್ಮಾ, ರೆಕ್ಕಲು ರಾನೀ” ಎಂದು ಹೊರಟುಹೋದರು. ಇರಲಿ ಬಿಡಮ್ಮ, ರೆಕ್ಕೆ ಬರಲಿ. ಅವರ ಊರು ವೆಂಕಟರವಣಪ್ಪನ ಊರಿಗೆ ಎರಡು ಮೈಲಿ ಅಂತೆ, ನನಗೆ ಯಾರೂ ಹೇಳಿರಲಿಲ್ಲ.

ಶಿವರಾತ್ರಿಯ ಮರುದಿನ ಕಾರ್ಡು ಬಂತು: ‘ಎಲ್ಲಾ ಹೋದವು.’ ಪೂರ್ತಿ ಕನ್ನಡ. ಅಂದರೆ ಮನಸ್ಸು ಸಮಾಧಾನವಾಗಿಯೂ, ಸ್ವಲ್ಪ ಸಪ್ಪೆಯಾಗಿಯೂ ಇದೆ ಎಂದು ಅರ್ಥ. ಅದನ್ನೂ, ಎರಡು ತಿಂಗಳಿಂದ ಕೈಚೀಲದಲ್ಲಿ ಮುದುಡಿದ್ದ ತಿದ್ದುಪಡಿ ಪತ್ರವನ್ನೂ ಹಿಡಿದು ಡಾಕ್ಟರ ಮುಂದೆ ನಿಂತು ಎಲ್ಲ ಹೇಳಿದೆ. ಅವರು ಬೈನಾಕ್ಯುಲರಿನ ಗಾಜು ಒರೆಸುತ್ತಾ ಕೇಳಿದರು.

“ತಪ್ಪು ಅಂತ ನಿನಗೆ ಯಾವಾಗ ಗೊತ್ತಾಯಿತು?”

“ಸಂಕ್ರಾಂತಿಗೆ ಮೊದಲೇ ಸರ್.”

ಕೆಳಗಿನ ಅಂಗಡಿಯಲ್ಲಿ ಗೂಡು ತೂಗುವ ಸದ್ದು ಕೇಳುತ್ತಿತ್ತು.

“ಪಿಟ್ಟದ ವಿಷಯ ನೀನು ಎಷ್ಟು ಜನಕ್ಕೆ ಹೇಳಿದ್ದೀಯ?” ಎಂದರು.

“ಯಾರಿಗೂ ಇಲ್ಲ ಸರ್.” ಒಂದೇ ಋತುವಿನಲ್ಲಿ ಇದು ನನ್ನ ಎರಡನೆಯ ಸುಳ್ಳು.

“ಹಾಗಾದರೆ ಇದನ್ನು ನಾನೂ ಯಾರಿಗೂ ಹೇಳೋದಿಲ್ಲ” ಎಂದು ತಿದ್ದುಪಡಿಗೆ ಸಹಿ ಹಾಕಿ ಕಳಿಸಿದರು. ಪಿಟ್ಟದ ಕಥೆ ಅಷ್ಟು ಹೊತ್ತಿಗೆ ಕೆಳಗಿನ ರೇಷ್ಮೆಗೂಡಿನ ವ್ಯಾಪಾರಿಗೂ ಗೊತ್ತಿತ್ತು. ನಾನು ಬಾಗಿಲ ಹತ್ತಿರ ಹೋದಾಗ ಹಿಂದಿನಿಂದ ಮತ್ತೆ ದನಿ ಬಂತು. “ಮಿಸ್, ಒಟ್ಟು ಎಷ್ಟು ಹಾರಿದವು?”

“ನಲವತ್ತರಲ್ಲಿ ಮೂವತ್ತೊಂದು ಸರ್.”

“ಗುಡ್” ಎಂದರು. ಅಷ್ಟು ವರ್ಷದಲ್ಲಿ ಅವರಿಂದ ನಾನು ಆ ಪದ ಕೇಳಿದ್ದು ಅದೊಂದೇ ಸಲ.

ಮರಗಳು ಉಳಿಯಲಿಲ್ಲ. ಫೈಲು ಮುಚ್ಚಿದ ವಾರವೇ ಹರಾಜಾಗಿ, ಯುಗಾದಿಯ ಹೊತ್ತಿಗೆ ಕೆರೆಯ ಅಂಗಳ ಬೋಳಾಗಿತ್ತು. ಅದನ್ನು ನೋಡಲು ನಾನು ಹೋಗಲಿಲ್ಲ. ಹಕ್ಕಿಗಳು ಬರುತ್ತವೆಯೋ ಇಲ್ಲವೋ ಎಂಬ ಯೋಚನೆ ಆ ವರ್ಷವೆಲ್ಲ ಒಳಗೇ ಇತ್ತು. ಮಳೆ ಬಂದಾಗಲೆಲ್ಲ ಟಪಾಲಿನವನ ದಾರಿ ನೋಡುತ್ತಿದ್ದೆ.

ಮುಂದಿನ ಧನುರ್ಮಾಸದಲ್ಲಿ ಕಾರ್ಡು ಬಂತು. ಈಗಲೂ ನನ್ನ ಆ ಪದಗಳ ನೋಟ್‌ಬುಕ್ಕಿನೊಳಗಿದೆ. ಮೂಲೆಯಲ್ಲಿ ಪೆನ್ನಿನಿಂದ ಒಂದು ಉದ್ದುದ್ದ ಸೊನ್ನೆ ಬರೆದಿದ್ದಾರೆ, ಮೊಟ್ಟೆಯ ಆಕಾರ. ಒಕ್ಕಣೆ ಹೀಗಿದೆ:

‘ಮೇಡಮ್ಮನವರಿಗೆ ನಮಸ್ಕಾರ. ಬೆಳ್ಳಕ್ಕಿ ಬಂದವೆ. ಜಾಲಿ ಇಲ್ಲದ್ದಕ್ಕೆ ಏರಿ ಪಕ್ಕದ ಹುಣಸೆ ಮರಗಳು ಹಿಡಿದವೆ. ನಲವತ್ತಾರು ಗುಡ್ಲು. ಈ ಮರಗಳೂ ಹರಾಜು ಅಂತ ಮಾತು ಐತೆ. ಯಾವ ಗುಡ್ಲು ಅಂತ ಬರೆಯೋದು ತಮ್ಮ ಇಷ್ಟ.’